ಮೌಂಟಿಗೆ ಹಣ ಹಾಕುವ ಮುನ್ನ ಕಾಯಿಲ್ ನೋಡಿ

ನಮಸ್ಕಾರ. ಮಳೆಗಾಲ ಶುರುವಾದಾಗಿನಿಂದ ನಿಮ್ಮ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು ನಿಂತಲ್ಲಿ ನಡುಗುತ್ತದೆ, ಆಕ್ಸಿಲರೇಟರ್ ಒತ್ತಿದರೆ ಸರಿಹೋಗುತ್ತದೆ, ಶಿರಸಿಯ ಗ್ಯಾರೇಜಿನಲ್ಲಿ ಎಂಜಿನ್ ಮೌಂಟ್ (ಎಂಜಿನ್ನನ್ನು ಹಿಡಿದು ನಡುಕ ತಡೆಯುವ ರಬ್ಬರ್ ಆಧಾರ) ಬದಲಿಸಲು ಹೇಳಿದ್ದಾರೆ ಎಂದು ಬರೆದಿದ್ದೀರಿ.

ಮೊದಲು ಆರ್‌ಪಿಎಂ ಮುಳ್ಳನ್ನು ಗಮನಿಸಿ. ಅದು ಸ್ಥಿರವಾಗಿದ್ದು, ನಡುಕ ಮಾತ್ರ ಸೀಟಿಗೂ ಸ್ಟೀರಿಂಗಿಗೂ ಬರುತ್ತಿದ್ದರೆ ಮೌಂಟಿನ ರಬ್ಬರ್ ಹರಿದಿರಬಹುದು. ದೇವಿಮನೆ ಘಟ್ಟದಲ್ಲಿ ನಿತ್ಯ ಓಡಾಡುವ ಕಾರಿಗೆ ಅದೇನೂ ಹೊಸತಲ್ಲ. ಮುಳ್ಳು ಏರಿಳಿಯುತ್ತಿದ್ದು, ಸೈಲೆನ್ಸರಿನ ಸದ್ದು ತಡೆತಡೆದು ಬರುತ್ತಿದ್ದರೆ ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ನೀವು ಹೇಳುವ ಲಕ್ಷಣ ನೋಡಿದರೆ ನನಗೆ ಇದರ ಮೇಲೆಯೇ ಅನುಮಾನ.

ಗ್ಯಾರೇಜಿನಲ್ಲಿ ದೋಷ ಓದುವ ಸ್ಕ್ಯಾನರ್ ಹಾಕಿಸಿ, ಪಿ0302 ಎಂಬ ಸಂಕೇತ ಬಂದರೆ ದೋಷ ಎರಡನೆಯ ಸಿಲಿಂಡರಿನಲ್ಲಿದೆ ಎಂದು ತಿಳಿಯಿರಿ. ಎಂಜಿನ್ ಆರಿಸಿ, ಅದರ ಕಾಯಿಲನ್ನು (ಪ್ಲಗ್ಗಿಗೆ ಕಿಡಿ ಹಾರಿಸಲು ವಿದ್ಯುತ್ ಕೊಡುವ ಭಾಗ) ಪಕ್ಕದ ಸಿಲಿಂಡರಿನದರೊಂದಿಗೆ ಅದಲುಬದಲು ಮಾಡಿ ಮತ್ತೆ ಓಡಿಸಿದಾಗ ದೋಷವೂ ಜೊತೆಗೇ ಹೋದರೆ ಕಾಯಿಲ್ ಕೆಟ್ಟಿದೆ, ಅಲ್ಲೇ ಉಳಿದರೆ ಪ್ಲಗ್ ಅಥವಾ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ನೋಡಬೇಕು. ಕಾಯಿಲ್ ಕಳಚಿದಾಗ ಪ್ಲಗ್ ಕುಳಿತಿರುವ ಗುಂಡಿಯಲ್ಲಿ ನೀರು ನಿಂತಿದೆಯೇ, ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದೆಯೇ ಎಂದು ಟಾರ್ಚ್ ಹಿಡಿದು ನೋಡಿ; ನಮ್ಮ ಕಡೆಯ ಮಳೆಗೆ ಇವೆರಡೂ ಸಾಮಾನ್ಯ. ಇಲ್ಲೆಲ್ಲ ಸರಿಯಿದ್ದರೆ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಸ್ವಚ್ಛಗೊಳಿಸಿ, ವ್ಯಾಕ್ಯೂಮ್ ಪೈಪು ಸೀಳಿದೆಯೇ ಪರೀಕ್ಷಿಸಿ.

ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ಮಾತ್ರ ಓಡಿಸಬೇಡಿ, ಉರಿಯದ ಪೆಟ್ರೋಲ್ ಹೋಗಿ, ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತದೆ, ಅದರ ಬೆಲೆ ಮೌಂಟಿಗಿಂತ ಎಷ್ಟೋ ಹೆಚ್ಚು.