ಲಾಂಗ್ ರನ್‌ಗೆ ನೀರು, ತಿಂಡಿ ಹೊರುವ ಲೆಕ್ಕ: ದೇವರಾಯನದುರ್ಗದ ದಾರಿಗೆ

ನೀವು ಕೇಳಿದ್ದು ಇಷ್ಟು. ತುಮಕೂರಿನಿಂದ ದೇವರಾಯನದುರ್ಗಕ್ಕೆ ಹೋಗಿ ಬರುವ 30 ಕಿ.ಮೀ. ಓಟಕ್ಕೆ ತಯಾರಾಗುತ್ತಿದ್ದೀರಿ. ಎರಡು ಲೀಟರ್ ನೀರಿನ ಬ್ಯಾಗು, ಒಂದು ಬಾಳೆಹಣ್ಣು ಹೊತ್ತು ಓಡಿದರೂ 18 ಕಿ.ಮೀ. ದಾಟುತ್ತಿದ್ದಂತೆ ಕಾಲು ಸೋಲುತ್ತದೆ, ಹೊಟ್ಟೆ ಗುಳುಗುಳು ಅನ್ನುತ್ತದೆ. ಬಾಟಲಿ ಸಿಕ್ಕಿಸುವ ಸೊಂಟದ ಬೆಲ್ಟ್ ತಗೊಳ್ಳಬೇಕಾ, ನೀರು ಹೊರಲು ಜಾಕೆಟ್‌ನಂತೆ ಮೈಗೆ ಹಾಕಿಕೊಳ್ಳುವ ವೆಸ್ಟ್ ತಗೊಳ್ಳಬೇಕಾ ಅಂತ ಪ್ರಶ್ನೆ. ಅಕ್ಕ ಅಂತ ಕರೆದಿದ್ದೀರಿ, ಹಾಗಾಗಿ ಅಕ್ಕನ ಹಾಗೆಯೇ ನೇರವಾಗಿ ಹೇಳುತ್ತೇನೆ: ಈಗಲೇ ಏನೂ ಕೊಳ್ಳಬೇಡಿ. ನೀವು ಬರೆದಿದ್ದನ್ನು ನೋಡಿದರೆ ನಿಮಗೆ ನೀರು ಜಾಸ್ತಿಯಾಗಿದೆ, ತಿಂಡಿ ಕಮ್ಮಿಯಾಗಿದೆ. ಇದು ನಿಮ್ಮೊಬ್ಬರ ಕಥೆ ಅಲ್ಲ. ನಮ್ಮ ಕಡೆ ಹೊಸದಾಗಿ ದೂರ ಓಡುವವರಲ್ಲಿ ಬಹಳ ಜನ ಹೀಗೇ ಮಾಡುತ್ತಾರೆ.

ಮೊದಲು ನೀರಿನ ವಿಷಯ. ನಿಮ್ಮ ಪ್ರಶ್ನೆಯ ಕೆಳಗಿನ ಕಾಮೆಂಟ್‌ನಲ್ಲಿ ಯಾರೋ "ಗಂಟೆಗೆ ಒಂದು ಲೀಟರ್ ಕುಡಿಯಲೇಬೇಕು" ಅಂತ ಬರೆದಿದ್ದಾರೆ. ಎಲ್ಲರಿಗೂ ಒಂದೇ ಅಳತೆ ಹೇಗಾಗುತ್ತದೆ? ಒಬ್ಬರ ಬೆವರು ಇನ್ನೊಬ್ಬರಿಗಿಲ್ಲ, ಡಿಸೆಂಬರ್ ಬೆಳಗಿನ ಬೆವರು ಏಪ್ರಿಲ್‌ಗಿಲ್ಲ. ನಿಮ್ಮ ಅಳತೆಯನ್ನು ನೀವೇ ತೆಗೆಯಬಹುದು, ಮನೆಯಲ್ಲಿ ತೂಕದ ಮೆಷಿನ್ ಇದ್ದರೆ ಸಾಕು. ಓಡುವ ಮೊದಲು ಬಚ್ಚಲಿಗೆ ಹೋಗಿ ಬಂದು ಬಟ್ಟೆ ಇಲ್ಲದೆ ತೂಕ ನೋಡಿ. ಒಂದು ಗಂಟೆ ನಿಮ್ಮ ಮಾಮೂಲಿ ವೇಗದಲ್ಲಿ ಓಡಿ. ನಡುವೆ ಕುಡಿದರೆ ಎಷ್ಟು ಅಂತ ಅಳೆದುಕೊಳ್ಳಿ. ಬಂದ ಮೇಲೆ ಮೈ ಒರೆಸಿಕೊಂಡು ಮತ್ತೆ ತೂಕ ನೋಡಿ. 64 ಕೆ.ಜಿ. ಇದ್ದದ್ದು 63.4 ಆಗಿದೆ, ನಡುವೆ 200 ಮಿ.ಲೀ. ಕುಡಿದಿದ್ದೀರಿ ಅಂದರೆ ಬೆವರಾಗಿ ಹೋದದ್ದು ಸುಮಾರು 800 ಮಿ.ಲೀ. ಒಂದು ಕೆ.ಜಿ. ಇಳಿದರೆ ಒಂದು ಲೀಟರ್, ಲೆಕ್ಕ ಅಷ್ಟೇ ಸಲೀಸು. ತಂಪು ಹೊತ್ತಿನಲ್ಲಿ ಒಮ್ಮೆ, ಬಿಸಿಲು ಏರಿದ ಮೇಲೆ ಒಮ್ಮೆ ಮಾಡಿ. ಎರಡು ಸಂಖ್ಯೆಗೂ ಇರುವ ಅಂತರ ನೋಡಿದರೆ ಅಚ್ಚರಿಯಾಗುತ್ತದೆ.

ಹೋದದ್ದನ್ನೆಲ್ಲ ದಾರಿಯಲ್ಲೇ ತುಂಬಿಸಬೇಕಾಗಿಲ್ಲ. ದೇಹದ ತೂಕದ ನೂರಕ್ಕೆ ಎರಡು ಭಾಗದವರೆಗೆ ಇಳಿದರೆ ಸಾಮಾನ್ಯವಾಗಿ ತೊಂದರೆ ಇಲ್ಲ. 64 ಕೆ.ಜಿ.ಗೆ ಅದು 1.3 ಕೆ.ಜಿ. ಆಗುತ್ತದೆ. ಈಗ ನಿಮ್ಮ 30 ಕಿ.ಮೀ. ಹಾಕಿ ನೋಡೋಣ. ಕಿ.ಮೀ.ಗೆ 7 ನಿಮಿಷ ಅಂದಿದ್ದೀರಿ, ಅಂದರೆ ಮೂರೂವರೆ ಗಂಟೆ. ಗಂಟೆಗೆ 800 ಮಿ.ಲೀ.ನಂತೆ ಬೆವರು 2.8 ಲೀಟರ್. ಅದರಲ್ಲಿ 1.3 ಬಿಟ್ಟರೆ ಕುಡಿಯಬೇಕಾದ್ದು ಒಂದೂವರೆ ಲೀಟರ್. ದಾರಿಯಲ್ಲಿ ಒಂದೇ ಒಂದು ಕಡೆ ಮತ್ತೆ ತುಂಬಿಸಿಕೊಳ್ಳುವ ಹಾಗಿದ್ದರೆ ಮೈಮೇಲೆ ಹೊರಬೇಕಾದ್ದು ಮುಕ್ಕಾಲು ಲೀಟರ್ ಮಾತ್ರ. ಎರಡು ಲೀಟರ್ ಹೊತ್ತು ಬೆಟ್ಟ ಹತ್ತುವುದು ಸುಮ್ನೆ ಕೂಲಿ ಇಲ್ಲದ ಕೆಲಸ.

ಬರೀ ಭಾರದ ಪ್ರಶ್ನೆಯೂ ಅಲ್ಲ ಇದು. ಬಾಯಾರಿಕೆ ಇಲ್ಲದಿದ್ದರೂ ಸಾದಾ ನೀರು ಕುಡಿಯುತ್ತಲೇ ಹೋದರೆ ರಕ್ತದಲ್ಲಿನ ಸೋಡಿಯಂ, ಅಂದರೆ ಉಪ್ಪಿನಂಶ, ತೆಳುವಾಗಿ ಇಳಿದುಬಿಡುತ್ತದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಟ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಕೆಳಗಿತ್ತು. ಓಟದ ನಡುವೆ ತೂಕ ಏರಿಸಿಕೊಂಡವರಲ್ಲೇ ಅದು ಹೆಚ್ಚು. ನಿಧಾನವಾಗಿ ಓಡುವವರಿಗೆ ಅಪಾಯ ಜಾಸ್ತಿ, ಯಾಕೆಂದರೆ ಕುಡಿಯಲು ಸಮಯವೂ ಜಾಸ್ತಿ ಸಿಗುತ್ತದೆ. ಓಡಿ ಬಂದ ಮೇಲೆ ತೂಕ ಮೊದಲಿನಷ್ಟೇ ಇದ್ದರೆ ಅಥವಾ ಏರಿದ್ದರೆ ನೀವು ಕುಡಿದದ್ದು ಹೆಚ್ಚಾಯಿತು ಅಂತ ಅರ್ಥ. ಬೆರಳು ಊದಿ, ತಲೆ ಸಿಡಿದು, ವಾಂತಿಯಾಗಿ, ಮಾತು ತೊದಲುತ್ತಿದ್ದರೆ ಅಂಥವರಿಗೆ ಇನ್ನೊಂದು ಬಾಟಲಿ ನೀರು ಕುಡಿಸಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬಾಯಾರಿದಾಗ ಕುಡಿಯಿರಿ, ಎರಡು ಮೂರು ಗುಟುಕು ಕುಡಿಯಿರಿ. ಬಿ.ಪಿ. ಮಾತ್ರೆ, ಸಕ್ಕರೆ ಕಾಯಿಲೆ ಮಾತ್ರೆ ತಗೊಳ್ಳುವವರು ಮಾತ್ರ ಈ ಲೆಕ್ಕವನ್ನೆಲ್ಲ ತಮ್ಮ ಡಾಕ್ಟರ ಹತ್ತಿರ ಕೇಳಿಯೇ ಮಾಡಬೇಕು.

ಈಗ 18ನೇ ಕಿ.ಮೀ.ನಲ್ಲಿ ಕಾಲು ಸೋಲುವ ಮಾತು. ನಮ್ಮ ಸ್ನಾಯು, ಲಿವರ್ ಎರಡೂ ಸೇರಿ ಸುಮಾರು 400ರಿಂದ 500 ಗ್ರಾಂ ಸಕ್ಕರೆಯನ್ನು ಗ್ಲೈಕೋಜನ್ ಆಗಿ ಕೂಡಿಟ್ಟಿರುತ್ತವೆ. ಒಂದೂವರೆ ಎರಡು ಗಂಟೆ ಓಡುವ ಹೊತ್ತಿಗೆ ಅದು ತಳ ಕಾಣತೊಡಗುತ್ತದೆ, ಬೆಟ್ಟದ ಏರು ಸಿಕ್ಕರೆ ಇನ್ನೂ ಬೇಗ. ನಿಮ್ಮ ವೇಗಕ್ಕೆ 18 ಕಿ.ಮೀ. ಅಂದರೆ ಎರಡು ಗಂಟೆ ಮೇಲಾಯಿತು. ಸರಿಯಾಗಿ ಅಲ್ಲೇ ಸೋತಿದ್ದೀರಿ ಅಲ್ವಾ? ಅಲ್ಲಿ ಎಷ್ಟು ನೀರು ಕುಡಿದರೂ ಕಾಲು ಏಳುವುದಿಲ್ಲ.

ಒಂದೂವರೆ ಗಂಟೆ ದಾಟುವ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಅಥವಾ ಪಿಷ್ಟ ಹೊಟ್ಟೆಗೆ ಹೋಗಬೇಕು. ನೀವು 40 ಅಂತ ಇಟ್ಟುಕೊಂಡರೂ ಮೂರೂವರೆ ಗಂಟೆಗೆ 140 ಗ್ರಾಂ. ಸಣ್ಣ ಏಲಕ್ಕಿ ಬಾಳೆಯಲ್ಲಿ ಇರುವುದು 12ರಿಂದ 15 ಗ್ರಾಂ, ಪಚ್ಚಬಾಳೆಯಾದರೆ 25ರ ಹತ್ತಿರ. ನಿಮ್ಮ ಒಂದು ಹಣ್ಣು ಎಲ್ಲಿ, 140 ಎಲ್ಲಿ! ಹಸಿವಾದಾಗ ತಿಂದರಾಯಿತು ಅನ್ನುವುದೂ ನಡೆಯುವುದಿಲ್ಲ. ಓಡುವಾಗ ರಕ್ತ ಕಾಲಿಗೂ ಚರ್ಮಕ್ಕೂ ಹರಿದು ಹೊಟ್ಟೆಗೆ ಕಡಿಮೆಯಾಗುತ್ತದೆ. ಸುಸ್ತಾದ ಮೇಲೆ ಒಂದೇ ಸಲ ತುರುಕಿದ್ದು ಅಲ್ಲೇ ಕೂರುತ್ತದೆ, ನಿಮ್ಮ ಗುಳುಗುಳು ಅದೇ ಇರಬೇಕು. ಮೊದಲ 30–40 ನಿಮಿಷದಲ್ಲೇ ಶುರು ಮಾಡಿ, ಆಮೇಲೆ 20–25 ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ. ವಾಚ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮಾತಿನಲ್ಲಿ ಮರೆತೇಹೋಗುತ್ತದೆ.

ಏನು ಒಯ್ಯಬೇಕು? ನನ್ನ ಮೆಚ್ಚಿನದು ಬೆಲ್ಲ. ಹೆಚ್ಚುಕಮ್ಮಿ ಪೂರ್ತಿ ಸಕ್ಕರೆಯೇ. ಸಕ್ಕರೆ ಹೊಟ್ಟೆಯಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ. ಎರಡನ್ನೂ ಕರುಳು ಬೇರೆ ಬೇರೆ ಬಾಗಿಲಿನಿಂದ ಒಳಗೆ ತಗೊಳ್ಳುತ್ತದೆ, ಹಾಗಾಗಿ ಬರೀ ಗ್ಲೂಕೋಸ್ ಪುಡಿಗಿಂತ ಇದು ಸರಾಗ. ಅಡುಗೆಮನೆ ತಕ್ಕಡಿಯಲ್ಲಿ ತೂಗಿ 10 ಗ್ರಾಂನ ತುಂಡು ಮಾಡಿ, ಬೆಣ್ಣೆ ಕಾಗದದಲ್ಲಿ ಸುತ್ತಿ. ಬರೀ ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಬೆವರಿನ ಶಾಖಕ್ಕೆ ಎಲ್ಲಾ ಒಂದೇ ಉಂಡೆಯಾಗುತ್ತದೆ. ಬೀಜ ತೆಗೆದ ಖರ್ಜೂರವೂ ಒಳ್ಳೆಯದೇ, ಸಣ್ಣದೊಂದರಲ್ಲಿ 5ರಿಂದ 7 ಗ್ರಾಂ. ಆದರೆ ನಾರಿದೆ, ಹೆಚ್ಚು ತಿಂದರೆ ಪೊದೆ ಹುಡುಕಬೇಕಾಗುತ್ತದೆ. ಉಪ್ಪು ಹಾಕಿ ಬೇಯಿಸಿದ ಗೆಣಸು ಮೆತ್ತಗೆ ಇಳಿಯುತ್ತದೆ. ಬೆಟ್ಟದ ಏರಿನಲ್ಲಿ ಹೇಗಿದ್ದರೂ ನಡೆಯುತ್ತೀರಿ, ಆಗ ತಿನ್ನಲು ಅದು ಹೇಳಿ ಮಾಡಿಸಿದ್ದು. ಕಡಲೆಕಾಯಿ ಚಿಕ್ಕಿ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಎಣ್ಣೆಯಂಶ ಜಾಸ್ತಿ, ಅರಗುವುದು ತಡ, ಬಾಯಿಯೂ ಒಣಗುತ್ತದೆ. ಓಟ ಮುಗಿದ ಮೇಲೆ ಇರಲಿ. ತಂಬಿಟ್ಟಿಗೂ ಇದೇ ಮಾತು, ನನಗೆ ಎಷ್ಟು ಇಷ್ಟವಾದರೂ. ಅಂಗಡಿಯಲ್ಲಿ ಸಿಗುವ ಜೆಲ್, ಅಂದರೆ ಓಟಗಾರರಿಗೆಂದೇ ಮಾಡಿದ ಗಟ್ಟಿ ಸಕ್ಕರೆ ಪಾಕದ ಪೊಟ್ಟಣ, ಒಂದರಲ್ಲಿ 20–25 ಗ್ರಾಂ ಇರುತ್ತದೆ. ಹೊರಲು ಹಗುರ, ಬೆಲೆ ಚುರುಕು. ರೇಸ್‌ನಲ್ಲಿ ಬಳಸುವುದಾದರೆ ಮೊದಲೇ ಎರಡು ಮೂರು ಲಾಂಗ್ ರನ್‌ನಲ್ಲಿ ಅದೇ ಜೆಲ್ ತಿಂದು ನೋಡಿ. ಜೆಲ್ ಆಗಲಿ ಬೆಲ್ಲ ಆಗಲಿ ಸಾದಾ ನೀರಿನ ಜೊತೆ ತಗೊಳ್ಳಿ. ಸಿಹಿ ಪಾನಕದ ಜೊತೆ ತಗೊಂಡರೆ ಹೊಟ್ಟೆಯಲ್ಲಿ ಪಾಕ ಗಟ್ಟಿಯಾಗಿ ತೊಳಸುತ್ತದೆ.

ಹೊಟ್ಟೆಗೂ ಅಭ್ಯಾಸ ಬೇಕು. ಇವತ್ತು ಒಂದು ಹಣ್ಣು ತಿನ್ನುವವರು ಮುಂದಿನ ವಾರವೇ ಗಂಟೆಗೆ 60 ಗ್ರಾಂ ತಿನ್ನಲು ಹೋಗಬೇಡಿ. 25–30ರಿಂದ ಶುರು ಮಾಡಿ, ವಾರದಿಂದ ವಾರಕ್ಕೆ ಏರಿಸಿ. ಹಿಂದಿನ ರಾತ್ರಿ ಅನ್ನ ಸಾರು ಸಾಕು. ಮುದ್ದೆ, ಅವರೆಕಾಳು ಸಾರು ಬೇರೆ ದಿನ ಉಣ್ಣಬಹುದು, ಬೆಳಗ್ಗೆ ಐದಕ್ಕೆ ಓಡುವವರಿಗೆ ಅದು ಸ್ನೇಹಿತನಲ್ಲ.

ಕುಡಿಯುವ ಮಿಶ್ರಣ ಬೇಕಾದರೆ ಮನೆಯದೇ ಸಾಕು. ಒಂದು ಲೀಟರ್ ನೀರಿಗೆ ಸಮತಟ್ಟಾದ ನಾಲ್ಕು ದೊಡ್ಡ ಚಮಚ ಸಕ್ಕರೆ (ಸುಮಾರು 50 ಗ್ರಾಂ), ಕಾಲು ಟೀ ಚಮಚ ಉಪ್ಪು, ಎರಡು ನಿಂಬೆಹಣ್ಣು. ಬೀಜ ಸೋಸಿ, ಇಲ್ಲದಿದ್ದರೆ ಬಾಟಲಿಯ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಓಆರ್‌ಎಸ್ ಪುಡಿ ಹಾಕಿಕೊಂಡರೆ ಶಕ್ತಿ ಬರುತ್ತೆ ಅಂತ ಕಾಮೆಂಟ್‌ನಲ್ಲಿ ಒಬ್ಬರು ಬರೆದಿದ್ದಾರೆ. ಡಬ್ಲ್ಯುಎಚ್‌ಒ ಸೂತ್ರದ ಓಆರ್‌ಎಸ್‌ನಲ್ಲಿ ಲೀಟರ್‌ಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ, ಉಪ್ಪು 2.6 ಗ್ರಾಂ. ಅದು ಭೇದಿಯಲ್ಲಿ ನೀರು ಕಳೆದುಕೊಂಡವರಿಗಾಗಿ ಮಾಡಿದ್ದು. ಉಪ್ಪು ಸಿಗುತ್ತದೆ, ಓಡುವ ಶಕ್ತಿ ಸಿಗುವುದಿಲ್ಲ. ಎಳನೀರು? ನಮ್ಮ ಜಿಲ್ಲೆಯಲ್ಲಿ ಅದಕ್ಕೇನು ಬರ. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಬೆವರಿನಲ್ಲಿ ಹೋಗುವುದು ಹೆಚ್ಚಾಗಿ ಸೋಡಿಯಂ. ಮುಗಿಸಿ ಬಂದು ಕುಡಿಯಿರಿ, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ ಇರಲಿ.

ದಾರಿಗೆ ಬರೋಣ, ಅಲ್ಲಿಯೇ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ. ದೇವರಾಯನದುರ್ಗದ ಕಾಡಿನಲ್ಲಿ ಚಿರತೆ, ಕರಡಿ ಇವೆ. ಬೆಳಕಾಗುವ ಮೊದಲು ಆ ರಸ್ತೆಗೆ ಕಾಲಿಡಬೇಡಿ, ಒಬ್ಬರೇ ಅಂತೂ ಬೇಡವೇ ಬೇಡ. ಬೆಳಕಾದ ಮೇಲೆ ಕಾಡು ಹೊಕ್ಕರೆ ವಾಪಸ್ ಬರುವಾಗ ಬಿಸಿಲು ಏರಿರುತ್ತದೆ, ಬೆವರಿನ ಲೆಕ್ಕವೂ ಏರುತ್ತದೆ. ಅದಕ್ಕೆ ಮೊದಲ ಕೆಲವು ಕಿ.ಮೀ. ಊರೊಳಗೆ ದೀಪ ಇರುವ ರಸ್ತೆಯಲ್ಲೇ ಮುಗಿಸಿ ಮನೆ ಮುಂದೆ ಹಾದು ಹೋಗಿ. ಅಲ್ಲಿ ಒಂದು ಲೋಟ ನೀರು, ಒಂದು ಬಾಳೆಹಣ್ಣು. ಅಷ್ಟು ಹೊರುವುದು ತಪ್ಪಿತು. ಆಮೇಲೆ ಬೆಟ್ಟದ ದಾರಿಯಲ್ಲಿರುವ ನಾಮದ ಚಿಲುಮೆ ಕಡೆ ಹೊರಡಿ. 30 ಆಗಬೇಕು ಅಷ್ಟೇ, ಬೆಟ್ಟದ ಮೇಲಿನ ಯೋಗನರಸಿಂಹನ ಗುಡಿಯವರೆಗೂ ಹತ್ತಲೇಬೇಕೆಂದೇನಿಲ್ಲ.

ನಾಮದ ಚಿಲುಮೆಯ ಬುಗ್ಗೆ ಇದೆಯಲ್ಲ, ಅಲ್ಲೇ ಬಾಟಲಿ ತುಂಬಿಸಿಕೊಳ್ಳುತ್ತೇನೆ ಅಂತ ಲೆಕ್ಕ ಹಾಕಬೇಡಿ. ಅದು ಜನ ಕೈಮುಗಿಯುವ ಜಾಗ. ಬೆಳಗ್ಗೆ ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ ಅನ್ನುವುದನ್ನೂ ನಂಬಿಕೊಳ್ಳಬೇಡಿ. ಊರೂರಿನ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿದರೆ ಕ್ಯಾನ್ ತುಂಬುವಷ್ಟು ನೀರು ಒಂದೇ ಸಲ ಸುರಿಯುತ್ತದೆ, ಅರ್ಧ ಲೀಟರ್ ಬಾಟಲಿ ಹಿಡಿದು ನಿಂತರೆ ಶೂ ತುಂಬುತ್ತದೆ. ಕ್ಯಾನ್ ತಂದವರ ಹತ್ತಿರ "ಸ್ವಲ್ಪ ಹಾಕ್ತೀರಾ ಅಣ್ಣಾ" ಅಂತ ಕೇಳಿ, ಯಾರೂ ಇಲ್ಲ ಅನ್ನುವುದಿಲ್ಲ. ನನಗೆ ತೋಚುವ ಒಳ್ಳೆಯ ದಾರಿ, ಜೊತೆಗಾರರೊಬ್ಬರು ಸ್ಕೂಟರ್‌ನಲ್ಲಿ ಬಂದು ಅರ್ಧ ದಾರಿಯಲ್ಲಿ ಕಾಯುವುದು. ಯಾರೂ ಸಿಗದಿದ್ದರೆ ಆ ವಾರ ತುಮಕೂರಿನ ಅಮಾನಿಕೆರೆ ಸುತ್ತ ಸುತ್ತು ಹೊಡೆಯಿರಿ. ಬೇಜಾರು ನಿಜ, ಆದರೆ ಸುತ್ತಿಗೊಮ್ಮೆ ಬಾಟಲಿ ಸಿಗುತ್ತದೆ. ಹಿಂದಿನ ಸಂಜೆ ಕಾಡಿನ ಅಂಚಿನಲ್ಲಿ ಬಾಟಲಿ ಬಚ್ಚಿಟ್ಟು ಬರುವ ಐಡಿಯಾ ಕಾಮೆಂಟ್‌ನಲ್ಲಿ ಯಾರೋ ಕೊಟ್ಟಿದ್ದಾರಲ್ಲ, ಅದು ಬೇಡ. ಪ್ಲಾಸ್ಟಿಕ್ ಕಾಡಿಗೆ ಉಳಿಯುತ್ತದೆ, ನೀರು ನಿಮಗೆ ಉಳಿಯುವುದಿಲ್ಲ.

ಕೋತಿಗಳ ವಿಷಯ ಹೇಳಲೇಬೇಕು. ಬೆಟ್ಟದ ಮೇಲೆ ಕವರ್ ಸರಬರ ಅಂದರೆ ಸಾಕು, ಬಂದುಬಿಡುತ್ತವೆ. ಬಾಳೆಹಣ್ಣು ಬೆಟ್ಟ ಬರುವ ಮೊದಲೇ ತಿಂದು ಮುಗಿಸಿ. ಉಳಿದದ್ದು ಜಿಪ್ ಇರುವ ಜೇಬಿನಲ್ಲಿರಲಿ.

ಇಷ್ಟೆಲ್ಲ ಆದ ಮೇಲೆ ಬೆಲ್ಟೋ ವೆಸ್ಟೋ ಅನ್ನುವ ಪ್ರಶ್ನೆ. ಒಂದೂವರೆ ಗಂಟೆಯೊಳಗಿನ ಓಟಕ್ಕೆ ಕೈಯಲ್ಲೊಂದು ಅರ್ಧ ಲೀಟರ್ ಬಾಟಲಿ ಸಾಕು. ಕರ್ಚೀಫ್ ಸುತ್ತಿ ಹಿಡಿಯಿರಿ, ಆಗಾಗ ಕೈ ಬದಲಿಸಿ. ಬೆಲ್ಟ್ ಸೊಂಟದ ಮೂಳೆಯ ಮೇಲೆ ಬಿಗಿಯಾಗಿ ಕೂರದಿದ್ದರೆ ಕುಣಿಯುತ್ತದೆ, ಹೊಟ್ಟೆಯ ಮೇಲೆ ಬಿಗಿದರೆ ಮತ್ತೆ ಹೊಟ್ಟೆ ಕೆಡುತ್ತದೆ. ನಿಮ್ಮ ಹೊಟ್ಟೆ ಮೊದಲೇ ಸೂಕ್ಷ್ಮ ಅಂತ ಕಾಣುತ್ತದೆ. ಮೂರು ಗಂಟೆ ಮೇಲಿನ ಓಟಕ್ಕೆ ನಾನು ವೆಸ್ಟ್ ಅನ್ನುತ್ತೇನೆ, ಆದರೆ ಎದೆಯ ಮುಂದೆ ಎರಡು ಅರ್ಧ ಲೀಟರ್ ಸಾಫ್ಟ್ ಫ್ಲಾಸ್ಕ್ (ಮೆತ್ತನೆಯ ಬಾಟಲಿ) ಕೂರುವಂಥದ್ದು. ನೀರು ಕುಡಿದಂತೆ ಅವು ಮುದುಡಿಕೊಳ್ಳುತ್ತವೆ, ಕುಲುಕುವ ಸದ್ದಿಲ್ಲ. ಎಷ್ಟು ಉಳಿದಿದೆ ಅಂತ ಕಣ್ಣಿಗೂ ಕಾಣುತ್ತದೆ. ಒಂದರಲ್ಲಿ ಸಾದಾ ನೀರು, ಇನ್ನೊಂದರಲ್ಲಿ ನಿಂಬೆ ಪಾನಕ. ಅಂಗಡಿಯಲ್ಲಿ ಖಾಲಿ ವೆಸ್ಟ್ ಹಾಕಿ ನೋಡಿ ತಗೊಳ್ಳಬೇಡಿ, ಫ್ಲಾಸ್ಕ್‌ನಲ್ಲಿ ನೀರು ತುಂಬಿಸಿ ನಿಂತಲ್ಲೇ ಹತ್ತು ಸಲ ಹಾರಿ. ಪೂರ್ತಿ ಉಸಿರು ಎಳೆದಾಗ ಎದೆಯ ಪಟ್ಟಿ ಬಿಗಿಯಬಾರದು. ಹೆಂಗಸರು ಯಾರಾದರೂ ಇದನ್ನು ಓದುತ್ತಿದ್ದರೆ, ಓಡುವಾಗ ಹಾಕುವ ಸ್ಪೋರ್ಟ್ಸ್ ಬ್ರಾ ಹಾಕಿಕೊಂಡೇ ಅಳತೆ ನೋಡಿ. ಗಂಡಸರ ಅಳತೆಯ ವೆಸ್ಟ್‌ನಲ್ಲಿ ಫ್ಲಾಸ್ಕ್ ತಪ್ಪು ಜಾಗದಲ್ಲಿ ಕೂತು ಒತ್ತುತ್ತದೆ. ಪಟ್ಟಿ ತಾಗುವ ಕಡೆಯೆಲ್ಲ ವ್ಯಾಸಲಿನ್ ಹಚ್ಚಿ.

ಈಗ ನಿಮ್ಮ ಹತ್ತಿರ ಇರುವ ಎರಡು ಲೀಟರ್ ಬ್ಯಾಗನ್ನೂ ಬಿಸಾಡಬೇಡಿ. ಮುಕ್ಕಾಲು ಲೀಟರ್ ತುಂಬಿಸಿ, ತಲೆಕೆಳಗು ಮಾಡಿ, ನಳಿಗೆಯಿಂದ ಗಾಳಿಯನ್ನೆಲ್ಲ ಹೀರಿ ತೆಗೆದುಬಿಡಿ. ಕುಲುಕಾಟ ನಿಲ್ಲುತ್ತದೆ. ಅದಕ್ಕೆ ಸಕ್ಕರೆ ಬೆರೆಸಿದ ನೀರು ಹಾಕಬೇಡಿ, ನಳಿಗೆಯೊಳಗೆ ಕಪ್ಪು ಬೂಷ್ಟು ಹಿಡಿದರೆ ಹೋಗುವುದಿಲ್ಲ. ತೊಳೆದು ಪೂರ್ತಿ ಒಣಗಿಸಿ ಇಡಿ, ಇಲ್ಲವೇ ಫ್ರೀಜರ್‌ಗೆ ಹಾಕಿ.

ಇನ್ನೊಂದು, ಓಡುವ ಮೊದಲು ನೋವಿನ ಮಾತ್ರೆ ನುಂಗುವ ಸಲಹೆ ಕಾಮೆಂಟ್‌ನಲ್ಲಿ ಕಂಡಿತು. ನೀರು ಕಮ್ಮಿಯಾದ ಮೈಯಲ್ಲಿ ಐಬುಪ್ರೊಫೆನ್‌ನಂಥ ಮಾತ್ರೆ ಕಿಡ್ನಿಗೆ ಹೊರೆ, ದಯವಿಟ್ಟು ಬೇಡ. ಈ ಭಾನುವಾರ 30 ಬಿಟ್ಟು 20ಕ್ಕೆ ಹೋಗಿ, ಬೆಲ್ಲ ತೂಗಿ ಒಯ್ಯಿರಿ, ಮೊದಲಿನ ತೂಕ, ಆಮೇಲಿನ ತೂಕ, ಕುಡಿದದ್ದು ಎಷ್ಟು, ತಿಂದದ್ದು ಎಷ್ಟು ಅಂತ ಇಲ್ಲೇ ಬರೆಯಿರಿ. ವೆಸ್ಟ್ ಎಷ್ಟು ಲೀಟರ್‌ನದು ಬೇಕು ಅನ್ನುವುದನ್ನು ಆ ಸಂಖ್ಯೆ ನೋಡಿ ಹೇಳುತ್ತೇನೆ.