ಆರ್ಬೆನ್ಸ್ ಲೇಖನವನ್ನು ಇನ್ನೊಮ್ಮೆ ಬರೆಯಿರಿ

ಪ್ರಿಯರೇ, ನಮಸ್ಕಾರ.

ಗ್ವಾಟೆಮಾಲಾದ ಅಧ್ಯಕ್ಷರಾಗಿದ್ದ ಹಕೋಬೊ ಆರ್ಬೆನ್ಸ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಿ ಎಂದು ಹೇಳಲು ಮನಸ್ಸಿಲ್ಲ. ಈ ಮನುಷ್ಯನ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಬರಹ ಬರಲಿ ಎಂಬ ಆಸೆ ನನಗೂ ಇದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಹನ್ನೆರಡು ಪುಟಗಳಲ್ಲಿ ಆರ್ಬೆನ್ಸ್ ಏನನ್ನೂ ಮಾಡುವುದೇ ಇಲ್ಲ. ಅಮೆರಿಕ ಸಂಚು ಹೂಡುತ್ತದೆ, ಬಾಳೆಹಣ್ಣಿನ ಕಂಪನಿ ದೂರು ಕೊಡುತ್ತದೆ, ಸಿಐಎ ವಿಮಾನ ಹಾರಿಸುತ್ತದೆ. ಅವರು ನೋಡುತ್ತಾ ನಿಂತಿರುತ್ತಾರೆ. 'ಬಡವರ ಬಂಧು', 'ತ್ಯಾಗಮಯಿ', 'ಧೀಮಂತ' ಎಂಬ ಮಾತುಗಳು ಮಾತ್ರ ಮತ್ತೆ ಮತ್ತೆ ಬರುತ್ತವೆ. ಅಷ್ಟನ್ನೂ ತೆಗೆದುಬಿಡಿ. ಅವರು ಏನು ಮಾಡಿದರು ಎಂದು ಬರೆಯಿರಿ, ಸಾಕು.

ಬಾಲ್ಯವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ: 1913ರಲ್ಲಿ ಕೆಟ್ಸಾಲ್ಟೆನಾಂಗೊದಲ್ಲಿ ಹುಟ್ಟಿದರು ಅಂತ. ಅವರ ತಂದೆ ಸ್ವಿಟ್ಜರ್ಲೆಂಡಿನಿಂದ ಬಂದು ಔಷಧಿ ಅಂಗಡಿ ಇಟ್ಟಿದ್ದವರು. ಮಾರ್ಫಿನ್ ಚಟಕ್ಕೆ ಬಿದ್ದರು, ವ್ಯಾಪಾರ ಮುಳುಗಿತು. ಹುಡುಗನಿಗೆ ವಿಶ್ವವಿದ್ಯಾಲಯದಲ್ಲಿ ಓದುವ ಆಸೆ, ಮನೆಯಲ್ಲಿ ದುಡ್ಡಿಲ್ಲ. ಸೇನಾ ಶಾಲೆಯಲ್ಲಿ ವಿದ್ಯಾರ್ಥಿವೇತನ ಸಿಕ್ಕಿತು, ಸೈನಿಕನಾದ. ಸರ್ವಾಧಿಕಾರಿ ಉಬೀಕೊ ಕಾಲದಲ್ಲಿ, ಇನ್ನೂ ಎಳೆಯ ಅಧಿಕಾರಿಯಾಗಿದ್ದಾಗ, ಸರಪಳಿ ಬಿಗಿದ ಕೈದಿಗಳನ್ನು ಕಾಯುವ ಕೆಲಸವೂ ಪಾಲಿಗೆ ಬಂತು. ಇದನ್ನು ಹೇಳಿದರೆ 1944ರ ಅಕ್ಟೋಬರ್‌ನಲ್ಲಿ ಅವರು ಯಾಕೆ ದಂಗೆ ಎದ್ದರು ಎಂದು ನೀವು ವಿವರಿಸಬೇಕಾಗಿಲ್ಲ.

ಇನ್ನು ಅರಾನಾ ವಿಷಯ. ನೀವು ಅವರ ಹೆಸರನ್ನೇ ಎತ್ತಿಲ್ಲ. ನನಗೆ ಬೇಸರವಾಗಿದ್ದು ಇಲ್ಲಿ. ಫ್ರಾನ್ಸಿಸ್ಕೊ ಅರಾನಾ ಮತ್ತು ಆರ್ಬೆನ್ಸ್ ಒಟ್ಟಿಗೆ ಹೋರಾಡಿ ಹಳೆಯ ಆಳ್ವಿಕೆಯನ್ನು ಕಿತ್ತೊಗೆದವರು. ಮುಂದೆ ಹ್ವಾನ್ ಹೊಸೆ ಅರೆವಾಲೊ ಅಧ್ಯಕ್ಷರಾದಾಗ ಅರಾನಾ ಸೇನೆಯ ಮುಖ್ಯಸ್ಥ, ಆರ್ಬೆನ್ಸ್ ರಕ್ಷಣಾ ಮಂತ್ರಿ. ಮುಂದಿನ ಅಧ್ಯಕ್ಷ ಪದವಿಯ ಮೇಲೆ ಇಬ್ಬರ ಕಣ್ಣೂ ಇತ್ತು. ಅರಾನಾ ಸರ್ಕಾರಕ್ಕೇ ಬೆದರಿಕೆ ಹಾಕಿದರು. 1949ರ ಜುಲೈ 18ರಂದು ಅವರನ್ನು ಬಂಧಿಸಲು ಹೋದಾಗ ಸೇತುವೆಯೊಂದರ ಬಳಿ ಗುಂಡಿನ ಚಕಮಕಿಯಾಗಿ ಅರಾನಾ ಸತ್ತರು. ಬಂಧಿಸುವ ತೀರ್ಮಾನದಲ್ಲಿ ಆರ್ಬೆನ್ಸ್ ಇದ್ದರು. ಸರ್ಕಾರ ಜನರಿಗೆ ನಿಜ ಹೇಳಲಿಲ್ಲ. ಇದನ್ನು ಬಿಟ್ಟರೆ, ನೀವು ಆಮೇಲೆ ಹೇಳುವ ಒಳ್ಳೆಯದನ್ನೂ ಓದುಗರು ನಂಬುವುದಿಲ್ಲ. ನಾನಂತೂ ನಂಬಲಿಲ್ಲ.

ಲೇಖನದ ಜೀವ ಇರುವುದು 1952ರ ಡಿಕ್ರಿ 900ರಲ್ಲಿ, ಅಂದರೆ ಭೂಸುಧಾರಣೆ ಕಾನೂನಿನಲ್ಲಿ. 'ಶ್ರೀಮಂತರ ಭೂಮಿ ಕಿತ್ತು ಬಡವರಿಗೆ ಹಂಚಿದರು' ಎಂದು ಬರೆದಿದ್ದೀರಿ. ಅದು ತಪ್ಪು ಚಿತ್ರ. ಮುಖ್ಯವಾಗಿ ದೊಡ್ಡ ಎಸ್ಟೇಟುಗಳಲ್ಲಿ ಸುಮ್ನೆ ಪಾಳು ಬಿಟ್ಟಿದ್ದ ಜಮೀನನ್ನು ತೆಗೆದುಕೊಂಡರು. 90 ಹೆಕ್ಟೇರಿಗಿಂತ ಕಡಿಮೆ ಇದ್ದವರನ್ನು ಮುಟ್ಟಲಿಲ್ಲ. ಪರಿಹಾರವೂ ಇತ್ತು: ಶೇಕಡಾ 3 ಬಡ್ಡಿಯ, 25 ವರ್ಷದ ಬಾಂಡು. ಬೆಲೆ ಎಷ್ಟು? ಮಾಲೀಕರು ತೆರಿಗೆಗೆ ತಾವೇ ಬರೆದುಕೊಟ್ಟಿದ್ದ ಬೆಲೆ! ಆ ಬಾಳೆಹಣ್ಣಿನ ಕಂಪನಿ, ಅಮೆರಿಕದ ಯುನೈಟೆಡ್ ಫ್ರೂಟ್, ಸಿಕ್ಕಿಬಿದ್ದಿದ್ದು ಇಲ್ಲೇ. ಆ ಲೆಕ್ಕದಲ್ಲಿ ಎಕರೆಗೆ ಸುಮಾರು 3 ಡಾಲರ್ ಆಯಿತು. ಸರ್ಕಾರ 6 ಲಕ್ಷ 27 ಸಾವಿರ ಡಾಲರ್ ಕೊಡುತ್ತೇವೆ ಎಂದಿತು. ಕಂಪನಿಯ ಪರವಾಗಿ ಅಮೆರಿಕ ಸರ್ಕಾರ ಕೇಳಿದ್ದು 1 ಕೋಟಿ 58 ಲಕ್ಷ.

ಈ ಎರಡು ಅಂಕಿಗಳನ್ನು ನೀವು ಒಂಬತ್ತನೇ ಪುಟದ ಕೊನೆಯಲ್ಲಿ ಅಡಿಟಿಪ್ಪಣಿಗೆ ಹಾಕಿದ್ದೀರಿ. ಲೇಖನ ಅಲ್ಲಿಂದಲೇ ಶುರುವಾಗಬೇಕು. ಕಾಗದದಲ್ಲಿ ಜಮೀನಿನ ಬೆಲೆ ಕಡಿಮೆ ತೋರಿಸುವುದು ಎಂದರೆ ಏನೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಇನ್ನೊಂದು ಸಂಗತಿ ನಿಮ್ಮಲ್ಲಿ ಇಲ್ಲವೇ ಇಲ್ಲ. ಅದೇ ಕಾನೂನಿನಡಿ ಆರ್ಬೆನ್ಸ್ ಅವರ ಸ್ವಂತ ಜಮೀನು ಸುಮಾರು 1,700 ಎಕರೆ ಹೋಯಿತು. 'ತ್ಯಾಗಮಯಿ' ಎಂಬ ಮಾತಿನ ಬದಲು ಇದನ್ನು ಬರೆಯಿರಿ.

ನಮ್ಮ ಕರ್ನಾಟಕದ 1974ರ ಭೂಸುಧಾರಣೆ ಕಾನೂನಿನ ಜೊತೆ ಹೋಲಿಸಿದ್ದೀರಿ, 'ಉಳುವವನೇ ಹೊಲದೊಡೆಯ' ಎಂದು ತಲೆಬರಹ ಬೇರೆ. ಅದು ಹೊಂದುವುದಿಲ್ಲ. ನಮ್ಮಲ್ಲಿ ಉಳುತ್ತಿದ್ದ ಗೇಣಿದಾರರು ಡಿಕ್ಲರೇಷನ್ ಕೊಟ್ಟು, ತಾವು ಉಳುತ್ತಿದ್ದ ಜಮೀನಿಗೇ ಒಡೆಯರಾದರು. ಅಲ್ಲಿ ಮುಖ್ಯವಾಗಿ ಹಂಚಿದ್ದು ಯಾರೂ ಉಳದ ನೆಲ. ಹೋಲಿಕೆ ಬೇಕೇ ಬೇಕೆಂದರೆ ಈ ವ್ಯತ್ಯಾಸ ಹೇಳಿ.

ಆರ್ಬೆನ್ಸ್ ಅಧಿಕಾರ ಕಳೆದುಕೊಂಡ 1954ರ ಜೂನ್ ತಿಂಗಳ ಭಾಗವನ್ನು ಪೂರ್ತಿ ತಿದ್ದಬೇಕು. 'ಭಾರಿ ಸೇನೆ ನುಗ್ಗಿತು' ಎಂದಿದ್ದೀರಿ. ಹೊಂಡುರಾಸ್ ಗಡಿಯಿಂದ, ಸಿಐಎ ಬೆಂಬಲವಿದ್ದ ಬಂಡಾಯಗಾರ ಕಾಸ್ಟಿಯೊ ಆರ್ಮಾಸ್ ಜೊತೆ ಬಂದವರು ಕೆಲವೇ ನೂರು ಜನ. ಭಾರಿ ಸೇನೆ ಬರುತ್ತಿದೆ ಎಂದು ನಂಬಿಸಿದ್ದು ಸಿಐಎ ನಡೆಸುತ್ತಿದ್ದ ರೇಡಿಯೊ. ಆ ಗುಂಪನ್ನು ತಡೆಯುವುದು ಗ್ವಾಟೆಮಾಲಾ ಸೇನೆಗೆ ಕಷ್ಟವಿರಲಿಲ್ಲ. ಇವರನ್ನು ಸೋಲಿಸಿದರೆ ಹಿಂದೆ ಅಮೆರಿಕವೇ ಬರುತ್ತದೆ ಎಂದು ಅಧಿಕಾರಿಗಳು ಹೆದರಿದರು, ಹೋರಾಡಲಿಲ್ಲ. ಜನರಿಗೆ ಬಂದೂಕು ಕೊಡಿ ಎಂದು ಆರ್ಬೆನ್ಸ್ ಹೇಳಿದಾಗ ಸೇನೆ ಒಪ್ಪಲಿಲ್ಲ. ಜೂನ್ 27ರಂದು ರೇಡಿಯೊದಲ್ಲಿ ರಾಜೀನಾಮೆ ಓದಿದರು. ಹದಿಹರೆಯ ದಾಟುತ್ತಲೇ ತನ್ನನ್ನು ಸೇರಿಸಿಕೊಂಡು ಬೆಳೆಸಿದ ಸೇನೆಯೇ ಅವರ ಕೈಬಿಟ್ಟಿತು. ನಿಮ್ಮ ಲೇಖನದಲ್ಲಿ ಇದಕ್ಕೆ ಎರಡು ಸಾಲು, ಡಲೆಸ್ ಸಹೋದರರಿಗೆ ಎರಡು ಪುಟ. ಅಣ್ಣ ಅಮೆರಿಕದ ವಿದೇಶಾಂಗ ಮಂತ್ರಿ, ತಮ್ಮ ಸಿಐಎ ಮುಖ್ಯಸ್ಥ, ಇಬ್ಬರಿಗೂ ಕಂಪನಿಯ ಹಳೆಯ ನಂಟಿತ್ತು. ಇಷ್ಟು ಸಾಕು.

ಒಂದು ಪ್ಯಾರಾ ಮಾತ್ರ ಮುಟ್ಟಬೇಡಿ. ದೇಶದ ರೈಲು ಯುನೈಟೆಡ್ ಫ್ರೂಟ್ ಕಂಪನಿಯ ಹಿಡಿತದಲ್ಲಿ, ಪ್ವೆರ್ಟೊ ಬಾರಿಯೋಸ್ ಬಂದರು ಕೂಡ ಅದರ ಕೈಯಲ್ಲೇ, ಜನ ಅದನ್ನು 'ಎಲ್ ಪುಲ್ಪೊ' ಅಂದರೆ ಆಕ್ಟೋಪಸ್ ಎಂದು ಕರೆಯುತ್ತಿದ್ದರು ಎಂದು ಬರೆದಿದ್ದೀರಲ್ಲ, ಅದು ತುಂಬಾ ಚೆನ್ನಾಗಿದೆ. ನೀವು ಹಾಗೆ ಬರೆಯಬಲ್ಲಿರಿ ಎಂದು ಗೊತ್ತಾಗಿದ್ದರಿಂದಲೇ ಉಳಿದದ್ದಕ್ಕೆ ಇಷ್ಟು ಒತ್ತಾಯ ಮಾಡುತ್ತಿದ್ದೇನೆ.

1965ರಲ್ಲಿ ಮಗಳು ಅರಾಬೆಲ್ಲಾ ಬೊಗೊಟಾದಲ್ಲಿ ಆತ್ಮಹತ್ಯೆ ಮಾಡಿಕೊಂಡಾಗ ತಂದೆಯ ಮನಸ್ಸಿನಲ್ಲಿ ಏನು ನಡೆಯಿತು ಎಂದು ಅರ್ಧ ಪುಟ ಕಲ್ಪಿಸಿದ್ದೀರಿ. ದಯವಿಟ್ಟು ಬೇಡ. ನಡೆದದ್ದೇ ಭಾರವಾಗಿದೆ: ರಾಜೀನಾಮೆಯ ಬಳಿಕ ಮೆಕ್ಸಿಕೊ ರಾಯಭಾರ ಕಚೇರಿಯಲ್ಲಿ 73 ದಿನದ ಆಶ್ರಯ, ವಿಮಾನ ಹತ್ತುವ ಮುಂಚೆ ಕ್ಯಾಮೆರಾಗಳ ಎದುರು ಬಟ್ಟೆ ಬಿಚ್ಚಿಸಿ ತಪಾಸಣೆ, ಆಮೇಲೆ ಪ್ರಾಗ್, ಮಾಸ್ಕೊ, ಉರುಗ್ವೆ, ಕ್ಯೂಬಾ. 1971ರ ಜನವರಿಯಲ್ಲಿ ಮೆಕ್ಸಿಕೊ ನಗರದಲ್ಲಿ ಸಾವು. ಅಸ್ಥಿ ಊರಿಗೆ ಬಂದದ್ದು 1995ರಲ್ಲಿ.

'ಇತಿಹಾಸ ಅವರನ್ನು ಎಂದೂ ಮರೆಯದು' ಎಂಬ ಕೊನೆಯ ಪ್ಯಾರಾ ತೆಗೆಯಿರಿ. 2011ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಆಲ್ವಾರೊ ಕೊಲೊಮ್ ಸರ್ಕಾರದ ಪರವಾಗಿ ಆರ್ಬೆನ್ಸ್ ಮಗನ ಬಳಿ ಕ್ಷಮೆ ಕೇಳಿದರು. ಅಲ್ಲಿಗೆ ನಿಲ್ಲಿಸಿ.

ಹೆಸರನ್ನು 'ಜೇಕಬ್' ಎಂದು ಬರೆಯಬೇಡಿ, ಸ್ಪ್ಯಾನಿಷ್‌ನಲ್ಲಿ ಅದು ಹಕೋಬೊ. ಏಳು ಪುಟಕ್ಕೆ ಇಳಿಸಿ. ಪೂರ್ತಿ ಆಗುವವರೆಗೆ ಕಾಯಬೇಡಿ, ಅರಾನಾ ಭಾಗ ಬರೆದ ಕೂಡಲೇ ಕಳಿಸಿ, ನೋಡುತ್ತೇನೆ.