ಮೈ ತಣ್ಣಗಾದರೆ ಕಿಡ್ನಿಗೆ ಪೆಟ್ಟೇ?

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ, ಬಿಪಿ ಬಹಳ ಹಳೆಯದು. ಅಯೋರ್ಟಾದ (ಹೃದಯದಿಂದ ಹೊರಡುವ ಮಹಾಧಮನಿಯ) ಕಮಾನು ಬಲೂನಿನ ಹಾಗೆ ಉಬ್ಬಿದೆ ಎಂದು ಸ್ಕ್ಯಾನಿನಲ್ಲಿ ಗೊತ್ತಾಯಿತು. ಆಪರೇಷನ್ನಿನಲ್ಲಿ ಮೈಯನ್ನು 24 ಡಿಗ್ರಿಗೆ ಇಳಿಸಿ, ಸ್ವಲ್ಪ ಹೊತ್ತು ರಕ್ತಸಂಚಾರವನ್ನೇ ನಿಲ್ಲಿಸುತ್ತಾರಂತೆ. ಕಿಡ್ನಿ ಸೋಸಿ ಹೊರಹಾಕಬೇಕಾದ ಕಸವಾದ ಕ್ರಿಯಾಟಿನಿನ್ ಅವರ ರಕ್ತದಲ್ಲಿ ಈಗಲೇ 1.5 ಇದೆ. ಅಷ್ಟು ತಣ್ಣಗೆ ಮಾಡಿದರೆ ಕಿಡ್ನಿ ಉಳಿಯುತ್ತದೆಯೇ ಡಾಕ್ಟ್ರೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೈ ತಣ್ಣಗೆ ಮಾಡುವುದೇ ಮಿದುಳು, ಬೆನ್ನುಹುರಿ, ಕಿಡ್ನಿಗಳನ್ನು ಉಳಿಸಿಕೊಳ್ಳುವುದಕ್ಕೆ. ಕಿಡ್ನಿಯ ಮಟ್ಟಿಗೆ ನಾವು ಹೆದರುವುದು ರಕ್ತವಿಲ್ಲದೆ ಕಳೆಯುವ ನಿಮಿಷಗಳಿಗೆ.

ತಲೆಗೂ ಕೈಗಳಿಗೂ ಹೋಗುವ ರಕ್ತನಾಳಗಳು ಹೊರಡುವುದು ಈ ಕಮಾನಿನಿಂದಲೇ. ಅದನ್ನು ಬಿಚ್ಚಿ ಹೊಸ ಕೊಳವೆ ಹೊಲಿಯಬೇಕಾದರೆ ಅಲ್ಲಿ ರಕ್ತ ಹರಿಯಬಾರದು. ಈಗ ಹೆಚ್ಚಿನ ಕಡೆ ತಲೆಗೆ ಬೇರೆ ಕೊಳವೆಯಿಂದ ರಕ್ತ ಕೊಡುತ್ತಿರುತ್ತಾರೆ. ಆದರೆ ಹೊಟ್ಟೆಗೆ, ಕಿಡ್ನಿಗೆ, ಕಾಲಿಗೆ ಆ ಹೊತ್ತು ಏನೂ ಇಲ್ಲ. ಎರಡೂ ಕಿಡ್ನಿ ಸೇರಿ ತೂಗುವುದು ಸುಮಾರು 300 ಗ್ರಾಂ. ಹಾಗಿದ್ದರೂ ಹೃದಯ ಪಂಪ್ ಮಾಡುವ ರಕ್ತದಲ್ಲಿ ಐದನೇ ಒಂದು ಭಾಗ ಅವುಗಳಿಗೇ ಬೇಕು. ಅದರಲ್ಲೂ ಕಿಡ್ನಿಯ ಒಳಪದರ ಮಾಮೂಲಿ ದಿನಗಳಲ್ಲೂ ಕಡಿಮೆ ಆಮ್ಲಜನಕದಲ್ಲೇ ಬದುಕುವ ಜಾಗ. ಕೊರತೆಯಾದರೆ ಮೊದಲು ನರಳುವುದು ಅದೇ.

ಮೈ ಒಂದೊಂದು ಡಿಗ್ರಿ ಇಳಿದಂತೆ ಜೀವಕೋಶಗಳ ಆಮ್ಲಜನಕದ ಹಸಿವು ಸುಮಾರು 6–7 ಶೇಕಡಾ ತಗ್ಗುತ್ತದೆ. 28 ಡಿಗ್ರಿಗೆ ಬರುವಾಗ ಬೇಡಿಕೆ ಹೆಚ್ಚುಕಡಿಮೆ ಅರ್ಧ, 20ಕ್ಕೆ ಕಾಲು ಭಾಗ. ದಾನ ಮಾಡಿದ ಕಿಡ್ನಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಬಂದು ಇನ್ನೊಬ್ಬರ ಮೈಯಲ್ಲಿ ಕೆಲಸ ಶುರುಮಾಡುವುದು ಈ ತಂಪಿನ ಬಲದಿಂದಲೇ. ಎದೆ–ಹೊಟ್ಟೆ ಸೇರುವ ಭಾಗದ ಅಯೋರ್ಟಾ ಆಪರೇಷನ್ನಿನಲ್ಲಂತೂ ನೇರ ಕಿಡ್ನಿಯೊಳಕ್ಕೇ ತಣ್ಣನೆಯ ದ್ರವ ಹರಿಸುತ್ತಾರೆ. ಹ್ಯೂಸ್ಟನ್ನಿನ ವೈದ್ಯರು 2002ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನವೊಂದರಲ್ಲಿ, ಬೆಚ್ಚಗಿನ ರಕ್ತಕ್ಕಿಂತ ಈ ತಣ್ಣನೆಯ ದ್ರವವೇ ಕಿಡ್ನಿಯನ್ನು ಚೆನ್ನಾಗಿ ಕಾಯ್ದಿತ್ತು.

ಹಾಗಾದರೆ ಇನ್ನೂ ತಣ್ಣಗೆ ಮಾಡಬಾರದೇಕೆ? ಮಾಡುತ್ತಿದ್ದರು. 1975ರಲ್ಲಿ ಅಮೆರಿಕದ ರಾಂಡಲ್ ಗ್ರೀಪ್ ಮತ್ತು ಸಂಗಡಿಗರು ಕಮಾನು ಬದಲಿಸಿದ ನಾಲ್ವರ ವರದಿ ಕೊಟ್ಟಾಗ, ಆಳವಾಗಿ ತಣಿಸಿ ಸಂಚಾರ ನಿಲ್ಲಿಸುವುದೇ ದಾರಿಯಾಗಿತ್ತು. ಆದರೆ ಹೆಚ್ಚು ಇಳಿಸಿದಷ್ಟೂ ಮತ್ತೆ ಬೆಚ್ಚಗಾಗಲು ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತೂ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್–ಲಂಗ್ ಮಷಿನ್ ಓಡುತ್ತಿರಬೇಕು. ಮಷಿನ್ನಿನಲ್ಲಿ ಕೆಂಪು ರಕ್ತಕಣಗಳು ಒಡೆಯುತ್ತವೆ, ಹೊರಬಿದ್ದ ಹಿಮೋಗ್ಲೋಬಿನ್ ಕಿಡ್ನಿಗೆ ವಿಷ. ತಣ್ಣಗಾದ ರಕ್ತ ಸರಿಯಾಗಿ ಹೆಪ್ಪುಗಟ್ಟದೆ ಸೋರುತ್ತದೆ, ಬಾಟಲಿ ಬಾಟಲಿ ರಕ್ತ ಕೊಡಬೇಕಾಗುತ್ತದೆ. ಅದೂ ಕಿಡ್ನಿಗೆ ಹೊರೆಯೇ. ತಲೆಗೆ ಬೇರೆ ಕೊಳವೆ ಹಾಕುವುದು ರೂಢಿಗೆ ಬಂದ ಮೇಲೆ 20ರಿಂದ 28 ಡಿಗ್ರಿಯ ನಡುವೆ ನಿಲ್ಲುವುದು ಹೆಚ್ಚಾಯಿತು. ನಿಮ್ಮ ತಂದೆಯ 24 ಡಿಗ್ರಿ ಸರಿಯಾಗಿ ನಡುವಿನದು. ನನಗೂ ಅದು ಸಮಂಜಸವಾಗಿಯೇ ಕಾಣುತ್ತದೆ.

ಅರಿವಳಿಕೆ ಕೊಡುವವನಾಗಿ ನನ್ನ ಆತಂಕವೆಲ್ಲ ಬೆಚ್ಚಗೆ ಮಾಡುವಾಗಿನದು. ಅವಸರ ಕೂಡದು. ಮಷಿನ್ನಿನಿಂದ ಒಳಹೋಗುವ ರಕ್ತ 37 ಡಿಗ್ರಿ ದಾಟಬಾರದು. ಆ ಹೊತ್ತಿನಲ್ಲಿ ಕಿಡ್ನಿಯ ಹಸಿವು ಏರುತ್ತಿರುತ್ತದೆ, ಬಿಪಿ ಮಾತ್ರ ಇನ್ನೂ ಏರಿರುವುದಿಲ್ಲ. ಸಂಚಾರ ನಿಲ್ಲಿಸಿದಾಗ ಮೂತ್ರದ ಚೀಲಕ್ಕೆ ಹೋಗುವ ನಳಿಕೆಯಲ್ಲಿ ಹನಿ ನಿಂತುಬಿಡುತ್ತದೆ. ಮತ್ತೆ ರಕ್ತ ಹರಿಸಿದ ಮೇಲೆ ನಾವು ಆಗಾಗ ಮೇಜಿನ ಕೆಳಗೆ ಬಗ್ಗಿ ಬಗ್ಗಿ ನೋಡುತ್ತೇವೆ. ತಿಳಿ ಹಳದಿ ಹನಿ ಇಳಿಯುವುದು ಕಂಡರೆ ಒಂದು ಉಸಿರು ಸಲೀಸು. ಕೆಂಪೋ ಕಂದೋ ಬಂದರೆ ರಕ್ತಕಣ ಒಡೆದಿರಬಹುದು ಎಂದು ಎಚ್ಚರವಾಗುತ್ತೇವೆ.

ಕ್ರಿಯಾಟಿನಿನ್ 1.5 ಇರುವುದರಿಂದ ಅಪಾಯ ಹೆಚ್ಚು ಎನ್ನುವುದು ನಿಜ, ಅದನ್ನು ನಿಮ್ಮಿಂದ ಮುಚ್ಚಿಡಲಾರೆ. ಸರ್ಜನ್‌ರನ್ನು ಡಿಗ್ರಿಯ ಬಗ್ಗೆ ಕೇಳುವುದಕ್ಕಿಂತ, "ಹೊಟ್ಟೆಯ ಭಾಗಕ್ಕೆ ಎಷ್ಟು ನಿಮಿಷ ರಕ್ತ ಇರುವುದಿಲ್ಲ?" ಎಂದು ಕೇಳಿ. ಮಂಡಿನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುತ್ತಿದ್ದರೆ ಇವತ್ತೇ ನಿಲ್ಲಿಸಿ. ಸ್ಕ್ಯಾನಿಗೆ ಹಾಕಿದ ಬಣ್ಣದ ದ್ರವದಿಂದ ಕ್ರಿಯಾಟಿನಿನ್ ಏರಿದೆಯೇ ಎಂದು ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ತುರ್ತಿಲ್ಲದಿದ್ದರೆ, ಏರಿದ್ದು ಇಳಿಯುವ ತನಕ ಕೆಲವು ದಿನ ಕಾಯಬಹುದು.

ಪ್ರಶ್ನೆ: ಅಮ್ಮನಿಗೆ ಇದೇ ಆಪರೇಷನ್ ಆಗಿ ಮೂರು ದಿನ. ಕ್ರಿಯಾಟಿನಿನ್ 0.9 ಇದ್ದದ್ದು 2.1 ಆಗಿದೆ. ಇನ್ನು ಜೀವನಪೂರ್ತಿ ಡಯಾಲಿಸಿಸ್ಸೇ?
– ಓದುಗರು, ಶಿವಮೊಗ್ಗ

ಉತ್ತರ: ಈಗಲೇ ಆ ತೀರ್ಮಾನಕ್ಕೆ ಬರಬೇಡಿ. ಎರಡು ದಿನದಲ್ಲಿ 0.3 ಏರಿದರೂ ನಾವು ಅದನ್ನು ಕಿಡ್ನಿಗೆ ಆದ ಪೆಟ್ಟು ಎಂದೇ ಬರೆದುಕೊಳ್ಳುತ್ತೇವೆ. ಅಮ್ಮನಿಗೆ ಆಗಿರುವುದು ಅದಕ್ಕಿಂತ ದೊಡ್ಡ ಪೆಟ್ಟು. ಆದರೂ ಮೊದಲು ಚೆನ್ನಾಗಿದ್ದ ಕಿಡ್ನಿ ಕೆಲವು ದಿನ ಅಥವಾ ವಾರಗಳಲ್ಲಿ ಚೇತರಿಸಿಕೊಳ್ಳುವುದು ಸಾಮಾನ್ಯ. ಬರೀ ಕ್ರಿಯಾಟಿನಿನ್ ನೋಡಿ ಡಯಾಲಿಸಿಸ್ ಮಾಡುವುದಿಲ್ಲ. ಪೊಟ್ಯಾಸಿಯಂ ಏರಿದರೆ, ರಕ್ತ ಆಮ್ಲೀಯವಾದರೆ, ಶ್ವಾಸಕೋಶದಲ್ಲಿ ನೀರು ತುಂಬಿದರೆ ಮಾಡಬೇಕಾಗುತ್ತದೆ. ಆಗಲೂ ಅದು ಕಿಡ್ನಿ ಸುಧಾರಿಸುವ ತನಕದ ಆಸರೆಯಾಗಿರಬಹುದು. ಮನೆಗೆ ಬಂದ ಮೇಲೆ ಎದೆಯ ಹೊಲಿಗೆ ನೋವಿಗೆ ಡಾಕ್ಟರು ಬರೆದುಕೊಟ್ಟದ್ದು ಬಿಟ್ಟು ಬೇರೆ ನೋವಿನ ಮಾತ್ರೆ ಕೊಡಬೇಡಿ. ಮೂರು ತಿಂಗಳಿಗೆ ಕ್ರಿಯಾಟಿನಿನ್ ಜೊತೆ ಮೂತ್ರದಲ್ಲಿ ಸೋರುವ ಆಲ್ಬುಮಿನ್ ಎಂಬ ಪ್ರೋಟೀನ್ ಕೂಡ ತಪ್ಪದೆ ನೋಡಿಸಿ.